ನಾಲ್ಕನೇ ಪದ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಬಾಲ್ಕನಿ, ಮಧ್ಯಾಹ್ನ ಒಂದು ಮೆಟ್ಟಿಲು. ಬಾಲ್ಕನಿ ಎರಡೂ ಟೊಳ್ಳು. ಮೆಟ್ಟಿಲೂ ಟೊಳ್ಳು. ಈ ಊರಿನಲ್ಲಿ ಗಟ್ಟಿ ಅನ್ನುವುದೇ ಉಳಿದಿಲ್ಲವೆಂದು ಕಾಣುತ್ತದೆ. ಭುಜ ನೋವು. ಕಟ್ಟಡ ತಪಾಸಣೆ ಎಂದು ದಿನವಿಡೀ ತಲೆಯ ಮೇಲಕ್ಕೆ ಸುತ್ತಿಗೆ ಎತ್ತುವ ಕೆಲಸ ಐವತ್ತಾರು ವರ್ಷದವನಿಗೆ ಹೇಳಿ ಮಾಡಿಸಿದ್ದಲ್ಲ.

ಸಂಜೆ ಕಂಪ್ಯೂಟರಿನ ಮುಂದೆ. ಈ ಹಾಳು ಫಾರಂ ಬಂದು ಎರಡು ವರ್ಷವಾಯಿತು, ಬೈಯುವುದನ್ನು ಇನ್ನೂ ಬಿಟ್ಟಿಲ್ಲ. ಮೊದಲು ಕಂಡದ್ದನ್ನು ಬರೆಯುತ್ತಿದ್ದೆ. ಈಗ ಬರೆಯುವ ಹಾಗಿಲ್ಲ, ಆರಿಸಬೇಕು. ಬಾಣ ಒತ್ತಿದರೆ ದೋಷ ಎಷ್ಟಿದೆ ಎಂದು ಹೇಳಲು ನಾಲ್ಕು ಪದ ಇಳಿಯುತ್ತವೆ. ನಿಲ್. ಐಸೊಲೇಟೆಡ್. ಫ್ರೀಕ್ವೆಂಟ್. ಪ್ರೆವಲೆಂಟ್. ಅಂದರೆ ಇಲ್ಲ, ಅಲ್ಲೊಂದು ಇಲ್ಲೊಂದು, ಆಗಾಗ, ಎಲ್ಲೆಲ್ಲೂ. ನಡುವಿನ ಎರಡಕ್ಕೆ ರಿಪೇರಿ ಸಾಕು. ನಾಲ್ಕನೆಯದು ಬಿದ್ದರೆ ಮನೆ ಖಾಲಿ.

ನಮ್ಮ ಗ್ರಾಫಣ್ಣ — ಹೊಸ ಎಂಜಿನಿಯರ್, ಯಾವುದಕ್ಕೂ ಗ್ರಾಫ್ ಹಾಕುತ್ತಾನೆ — ಏನೋ ತೋರಿಸಿದ. ಪ್ರೆವಲೆಂಟ್ ಗೆರೆ ಮೇಲೆ ಮೇಲೆ ಹೋಗಿದೆ. ಸಾಹೇಬರಿಗೆ ಖುಷಿ. “ನೋಡ್ರೀ, ಇಡೀ ಊರೇ ಕುಸೀತಾ ಇದೆ. ಇನ್ನೂ ನಾಲ್ಕು ಜನ ಕೊಡಿ ಅಂತ ಕೇಳ್ಬಹುದು.” ಗ್ರಾಫಣ್ಣ ಇನ್ನೇನೋ ಅಂದ. ತಿಳಿಯಲಿಲ್ಲ. ಈಗಿನವರಿಗೆ ಬಾಯಿ ತೆರೆದು ಮಾತಾಡಲು ಏನು ರೋಗವೋ. ಎಲ್ಲರದ್ದೂ ಗೊಣಗಾಟ. ಟಿವಿಯವರೂ ಹಾಗೆಯೇ.

ಮಾರ್ಚ್ 5

ಮೂಲೆ ಕಟ್ಟಡ. ನಾಲ್ಕು ಅಂತಸ್ತು, ಹಳೆಯದು. ಕೆಳಗೆ ಬೇಕರಿ, ಮೇಲೆಲ್ಲ ಬಾಡಿಗೆ ಮನೆಗಳು. ಯಾರೋ ದೂರು ಕೊಟ್ಟಿದ್ದಾರೆ. ಯಾರೆಂದು ಕೇಳಿದರೆ ಯಾರೂ ಅಲ್ಲ.

“ನಮ್ಮನೇಲಿ ಏನೂ ಇಲ್ಲ ಸಾರ್, ಮೇಲಿನವರದ್ದು ನೋಡಿ.” ಮೇಲೆ ಹೋದರೆ, “ನಮ್ದು ಚೆನ್ನಾಗಿದೆ, ಕೆಳಗಿನವರದ್ದು ನೋಡಿ.”

ಕೆಲಸ ಸರಳ. ಉದ್ದ ಹಿಡಿಯ ಸುತ್ತಿಗೆ. ಸೂರಿಗೆ ಮೆಲ್ಲಗೆ ಬಡಿಯುವುದು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಬಿಟ್ಟುಕೊಂಡಿದ್ದರೆ ಡಬ್. ಹಾಗೆ ಬಿಟ್ಟುಕೊಂಡದ್ದು ಒಂದು ದಿನ ಹೇಳದೆ ಕೇಳದೆ ಕೆಳಗೆ ಬರುತ್ತದೆ. ಹಾಸಿಗೆಯಷ್ಟು ಅಗಲದ ಚೂರು ಬಿದ್ದದ್ದನ್ನು ನೋಡಿದ್ದೇನೆ. ಅದರ ಕೆಳಗೆ ಇದ್ದವರನ್ನೂ.

ಮೊದಲ ಮಹಡಿ ಡಬ್. ಎರಡು, ಡಬ್. ಮೂರರಲ್ಲಿ ನಿಲ್ಲಿಸಿ ಬೆವರು ಒರೆಸಿಕೊಂಡೆ. ಅಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಟೀಚರಮ್ಮ. ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದು ಉದ್ದದ ಬೆಂಚು, ಗೋಡೆಗೆ ಕರಿಹಲಗೆ. ನನ್ನ ಬೂಟು ನೋಡಿ, “ಒರೆಸ್ಕೊಂಡು ಬನ್ನಿ,” ಅಂದರು. ಒರೆಸಿಕೊಂಡು ಹೋದೆ. ಅಲ್ಲೂ ಡಬ್.

ಹೊರಡುವಾಗ ಬೇಕರಿಯವನು ಬಿಸಿ ಬನ್ನು ಕೊಡಲು ಬಂದ. ಬೇಡವೆಂದೆ. “ಬನ್ನಿಗೆ ಬೀಳೋ ಆಸಾಮಿ ಅಲ್ಲ ಬಿಡಿ ನೀವು,” ಎಂದು ತಾನೇ ತಿಂದ.

ಮಾರ್ಚ್ 6

ನಾಲ್ಕನೇ ಪದ ಒತ್ತಿದೆ.

ಯಾವ ನಿಯಮದಲ್ಲೂ ಪ್ರೆವಲೆಂಟ್ ಅಂದರೆ ಎಷ್ಟು ಎಂದು ಬರೆದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು, ಹುಡುಕಿದಾಗ ಸಿಕ್ಕರೆ ಫ್ರೀಕ್ವೆಂಟು, ಹುಡುಕದೆಯೇ ಸಿಕ್ಕರೆ ಪ್ರೆವಲೆಂಟು. ಇಷ್ಟು ವರ್ಷ ಅದರ ಮೇಲೆಯೇ ನಡೆಸಿದ್ದೇನೆ. ಇಲ್ಲಿ ಹುಡುಕಲೇ ಇಲ್ಲ. ಬಡಿದಲ್ಲೆಲ್ಲ ಸಿಕ್ಕಿತು.

ಸಾಹೇಬರು ಸಹಿ ಹಾಕಿದರು. ತಿಂಗಳ ಕೊನೆಗೆ ಖಾಲಿ.

ಮಾರ್ಚ್ 8, ಶನಿವಾರ

ನೋಟಿಸು ಅಂಟಿಸಲು ನಾನೇ ಹೋಗಬೇಕಾಯಿತು, ಜವಾನ ರಜೆ. ಕನ್ನಡ ಮಾಡಿದವನು ಯಾವ ಡಿಕ್ಷನರಿ ನೋಡಿದನೋ — “ಕಟ್ಟಡದಲ್ಲಿ ದೋಷಗಳು ರೂಢಿಯಲ್ಲಿರುವುದರಿಂದ” ಎಂದು ಬರೆದಿದ್ದಾನೆ. ಬೇಕರಿಯವನು ಗಟ್ಟಿಯಾಗಿ ಓದಿದ. “ರೂಢಿಯಲ್ಲಿದ್ರೆ ಇರ್ಲಿ ಬಿಡಿ ಸಾರ್, ಅಭ್ಯಾಸ ಆಗಿದೆ ನಮ್ಗೆ!” ಎಲ್ಲರೂ ನಕ್ಕರು. ಕೊನೆಯ ಸಾಲು ಓದಿದ ಮೇಲೆ ನಗು ನಿಂತಿತು.

ಟೀಚರಮ್ಮ ಇಂಗ್ಲಿಷ್ ಪ್ರತಿ ಕೇಳಿ ಪಡೆದರು. ಕನ್ನಡಕ ಏರಿಸಿ ಓದಿದರು. ಆಮೇಲೆ ಮೆಟ್ಟಿಲಿನ ಮೇಲೆಯೇ ನನಗೆ ಪಾಠ ಶುರು.

“ಪ್ರೆವಲೆಂಟ್. ಒಳ್ಳೇದಕ್ಕೆ ಯಾರೂ ಹಾಕಲ್ಲ ಈ ಪದಾನ, ಗಮನಿಸಿದೀರಾ? ಕಾಯಿಲೆ ಪ್ರೆವಲೆಂಟ್. ಕಳ್ಳತನ ಪ್ರೆವಲೆಂಟ್. ನೆಮ್ಮದಿ ಪ್ರೆವಲೆಂಟ್ ಅಂತ ನನ್ನ ಸರ್ವೀಸಲ್ಲಿ ಒಂದು ಮಗೂನೂ ವಾಕ್ಯ ಮಾಡ್ಲಿಲ್ಲ.”

“ಹೌದಮ್ಮಾ.”

“ಇನ್ನೊಂದು. ಒಂದು ಊರಲ್ಲಿ ಜ್ವರ ಪ್ರೆವಲೆಂಟ್ ಅಂದ್ರೆ ನನಗೆ ಜ್ವರ ಇದೆ ಅಂತಾನಾ?”

“ಅಲ್ಲ.”

“ಮತ್ತೆ? ಈ ಪದ ಕಟ್ಟಡದ್ದು. ನಾನು ಕಟ್ಟಡದಲ್ಲಿ ಇಲ್ಲ, ಎರಡು ಕೋಣೆಯಲ್ಲಿ ಇದೀನಿ. ನನ್ನ ಸೂರಲ್ಲಿ ಇದ್ಯೋ ಇಲ್ವೋ?”

“ಇದೆ. ನಾನೇ ಬಡಿದು ಕೇಳಿದೆ.”

“ಕೇಳಿದಿರಿ,” ಅಂದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಮೂರನೇ ಮಹಡಿಗೆ ಹತ್ತಿ ಹೋದರು. ಅವರ ಹತ್ತಿರ ಹನ್ನೊಂದು ಮಕ್ಕಳು ಪಾಠಕ್ಕೆ ಬರುತ್ತಾರಂತೆ, ಬೇರೆ ಕಡೆ ಕೋಣೆ ಸಿಗುವುದು ಕಷ್ಟವಂತೆ. ಅದಕ್ಕೆ ನಾನೇನು ಮಾಡಲಿ? ಬಿದ್ದ ಮೇಲೆ ಬಂದು ಅಳುವುದಕ್ಕಿಂತ ಇದು ವಾಸಿ.

ಮಾರ್ಚ್ 17

ಇಂದು ಹೊಸ ಕಟ್ಟಡ. ಹೋದ ತಿಂಗಳು ಕೆಲಸ ಮುಗಿದದ್ದು, ಬಣ್ಣದ ವಾಸನೆಯೂ ಹೋಗಿಲ್ಲ. ಬರೀ ಶಾಸ್ತ್ರಕ್ಕೆ ನೋಡಬೇಕು.

ಬಡಿದೆ. ಡಬ್.

ಪಕ್ಕದಲ್ಲಿ, ಡಬ್. ಕಂಬ, ಡಬ್. ಕಂಟ್ರಾಕ್ಟರ್ ನನ್ನ ಮುಖ ನೋಡಿ ನಗುತ್ತಿದ್ದ, “ಹೇಗಿದೆ ಸಾರ್, ಗಂಟೆ ಹಾಗೆ ಇಲ್ವಾ!” ಅಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮಾಡುತ್ತಿರಲಿಲ್ಲ.

ಫಾರಂ ತುಂಬಲಿಲ್ಲ. ತಲೆನೋವು ಎಂದು ಹೇಳಿ ಮನೆಗೆ ಬಂದೆ.

ಅಡುಗೆಮನೆಯಲ್ಲಿ ಒಂದು ಸ್ಟೀಲ್ ಪಾತ್ರೆ ಬೋರಲು ಹಾಕಿ ಸುತ್ತಿಗೆಯಿಂದ ಬಡಿದೆ. ಡಬ್. ಇನ್ನೂ ಜೋರಾಗಿ. ಡಬ್. ಇವಳು ಕಿವಿ ಮುಚ್ಚಿಕೊಂಡು ಓಡಿ ಬಂದಳು. “ಏನ್ರೀ ಅದು! ಕಿವಿ ತೂತು ಬೀಳೋ ಹಾಗೆ!”

ಪಾತ್ರೆಯಲ್ಲಿ ಏನೂ ದೋಷವಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ.

ಮಾರ್ಚ್ 18

ಕಿವಿ ಡಾಕ್ಟರು. ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಮೊದಲು ಒತ್ತಿದೆ, ಒತ್ತಿದೆ. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಪರೀಕ್ಷೆ ಮುಗಿದಿರಬೇಕು ಎಂದು ಎದ್ದರೆ ಅಲ್ಲಿದ್ದ ನರ್ಸು ಗಾಜಿನಾಚೆಯಿಂದ ಕೂರಿ ಕೂರಿ ಎಂದು ಕೈ ಮಾಡಿದಳು. ಸದ್ದು ಬರುತ್ತಲೇ ಇತ್ತಂತೆ.

ಡಾಕ್ಟರು ಕಾಗದ ತೋರಿಸಿದರು. ಗೆರೆ ಒಂದು ಕಡೆ ನೆಟ್ಟಗೆ ಬಂದು ಆಮೇಲೆ ಜಾರುಬಂಡೆ. ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಹೋಗಿದೆ. ಠಣ್ ಅನ್ನುವುದರಲ್ಲಿ ಣ್ ನನಗೆ ಬರುವುದೇ ಇಲ್ಲ.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದೆ.

“ಹೇಳೋಕಾಗಲ್ಲ. ಎರಡು ವರ್ಷ, ಮೂರು ವರ್ಷ. ಮೆಲ್ಲಗೆ ಹೋಗುತ್ತೆ, ಗೊತ್ತಾಗಲ್ಲ. ಯೋಚನೆ ಮಾಡ್ಬೇಡಿ ಸಾರ್, ಈ ವಯಸ್ಸಲ್ಲಿ ವೆರಿ ಪ್ರೆವಲೆಂಟ್.”

ಆ ಪದವನ್ನು ಬೇರೆಯವರ ಬಾಯಲ್ಲಿ, ನನ್ನ ಬಗ್ಗೆ, ಮೊದಲ ಸಲ ಕೇಳಿದ್ದು. ಅವರು ಸಮಾಧಾನಕ್ಕೆ ಹೇಳಿದರು. ಆಗಲಿಲ್ಲ. ಎಷ್ಟು ಜನಕ್ಕಿದ್ದರೆ ನನಗೇನು, ನನ್ನ ಕೈಯಲ್ಲಿ ಸುತ್ತಿಗೆ ಇದೆ.

ಮಾರ್ಚ್ 19

ಆಫೀಸಿಗೆ ಹೋದೆ, ಬಂದೆ. ಯಾರಿಗೂ ಹೇಳಿಲ್ಲ.

ಮೂಲೆ ಕಟ್ಟಡದ ಮುಂದೆ ಹಾದು ಹೋಗಬೇಕಿರಲಿಲ್ಲ, ಹಾದು ಹೋದೆ. ಎರಡನೇ ಮಹಡಿಯ ಒಂದು ಸಂಸಾರ ಸಾಮಾನು ಗಾಡಿಗೆ ಏರಿಸುತ್ತಿತ್ತು. ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಬೇಕರಿಯವನು ಕೈಕೊಡುತ್ತಿದ್ದ. ನನ್ನನ್ನು ನೋಡಿ ನಮಸ್ಕಾರ ಮಾಡಿದ, ಎಂದಿನ ಹಾಗೆ. ಬೇಗ ಬೇಗ ಮುಂದೆ ನಡೆದೆ.

ಕಟ್ಟಡ ಗಟ್ಟಿ ಇದ್ದರೆ ಇವರನ್ನೆಲ್ಲ ನಾನು ಸುಮ್ಮನೆ ಬೀದಿಗೆ ಹಾಕಿದೆ. ಟೊಳ್ಳಿದ್ದು ನಾನು ವಾಪಸ್ ತೆಗೆದುಕೊಂಡರೆ ಯಾರದೋ ತಲೆ ಮೇಲೆ ಬೀಳುತ್ತದೆ. ಎರಡರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ನನ್ನ ತಲೆಯ ಎರಡು ಪಕ್ಕದಲ್ಲೇ ಮುಚ್ಚಿಹೋಗಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆದರೆ ಕೆಲವು ವಸ್ತು ನಿಜವಾಗಿಯೂ ಹಳದಿ ಇರುತ್ತವಲ್ಲ.

ಗ್ರಾಫಣ್ಣನ ಗೆರೆ ನೆನಪಾಗಿ ಹೆದರಿಕೆ ಆಯಿತು. ಊರು ಕುಸಿಯುತ್ತಿರಲಿಲ್ಲ. ಅದು ನನ್ನ ಕಿವಿಯ ಗ್ರಾಫು.

ಮಾರ್ಚ್ 22, ಶನಿವಾರ, ಬೆಳಿಗ್ಗೆ

ಇವಳಿಗೆ ಹೇಳಿದೆ. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ.

“ಗೊತ್ತಿತ್ತಲ್ಲಾ.”

“ಏನು ಗೊತ್ತಿತ್ತು?”

“ಎರಡು ವರ್ಷದಿಂದ ಈ ಮನೇಲಿ ಎಲ್ಲಾ ಕಿರುಚಿಕೊಂಡೇ ಮಾತಾಡ್ತಾ ಇದೀವಿ. ಪಕ್ಕದ ಮನೆಯವಳು ಕೇಳಿದ್ಲು, ದಿನಾ ಜಗಳ ಆಡ್ತೀರಾ ಅಂತ. ನೀವು ನೋಡಿದ್ರೆ ಎಲ್ಲರೂ ಗೊಣಗ್ತಾರೆ ಅಂತೀರಿ!”

“ಹೇಳೋದಲ್ವೇನೇ?”

“ಹೇಳ್ದೆ. ಕೇಳಿಸ್ಲಿಲ್ಲ.”

ಇಬ್ಬರೂ ನಕ್ಕೆವು. ಆಮೇಲೆ ಇವಳು ಕಣ್ಣೊರೆಸಿಕೊಂಡಳು. ಕೆಲಸಕ್ಕೆ ಬೇಕಾದದ್ದು ಕಿವಿಯೇ ಎಂದು ಇವಳಿಗೆ ಹೊಳೆದಿರಲೇ ಇಲ್ಲವಂತೆ. ಸುತ್ತಿಗೆ ಹಿಡಿಯುವುದು ಕೈಯ ಕೆಲಸ ಎಂದುಕೊಂಡಿದ್ದಳು. ಮದುವೆಯಾಗಿ ಇಷ್ಟು ವರ್ಷ... ನಾನೂ ಹೇಳಿರಲಿಲ್ಲ.

ಮಾರ್ಚ್ 24

ಸಾಹೇಬರ ಕೋಣೆಯಲ್ಲಿ ಬಾಗಿಲು ಹಾಕಿ ಹೇಳಿದೆ. ಕಾಗದ ತೋರಿಸಿದೆ.

ಸಾಹೇಬರು ಪೇಪರ್‌ವೇಟ್ ತಿರುಗಿಸಿದರು. ಆಮೇಲೆ ನನಗೆ ಕೇಳಲೆಂದು ಜೋರಾಗಿ, ಹೊರಗಿನವರಿಗೆ ಕೇಳಬಾರದೆಂದು ಮೆಲ್ಲಗೆ, ಎರಡೂ ಒಟ್ಟಿಗೆ ಮಾಡಲು ಹೋಗಿ ಕೆಮ್ಮಿದರು.

“ಖಾಲಿ ಮಾಡಿಸಿದ್ರೆ ಯಾರೂ ಸಾಯಲ್ಲ ಕಣ್ರೀ. ನಿಲ್ಲಿಸಿದ್ರೆ ಸಾಯಬಹುದು. ಸುಮ್ನಿರಿ.”

“ಗಟ್ಟಿ ಇದ್ರೆ ಸಾರ್?”

“ಇದ್ರೆ ಇನ್ನೊಂದು ಮನೆ ನೋಡ್ಕೋತಾರೆ. ನೀವು ಈಗ ಒಂದನ್ನ ವಾಪಸ್ ತಗೊಂಡ್ರೆ ಎರಡು ವರ್ಷದ್ದೆಲ್ಲಾ ಬಿಚ್ಕೊಳ್ಳುತ್ತೆ. ಖಾಲಿ ಮಾಡಿಸಿದ ಎಲ್ಲಾ ಮನೆಯವ್ರೂ ಬಂದು ಇಲ್ಲಿ ಕೂರ್ತಾರೆ. ಬಾಯಿ ಬಿಟ್ರೆ ಬಣ್ಣಗೇಡು.”

ಯಂತ್ರದಿಂದ ಪರೀಕ್ಷೆ ಮಾಡಿಸಬಹುದಲ್ಲ ಎಂದೆ. ಯಂತ್ರ ರಿಪೇರಿಗೆ ಹೋಗಿದೆ, ಬರಲು ಎರಡು ತಿಂಗಳು. ಗ್ರಾಫಣ್ಣನನ್ನು ಕಳಿಸಿ ಎಂದೆ. ಬೇಡ, ಅವನು ಅದಕ್ಕೂ ಗ್ರಾಫ್ ಹಾಕುತ್ತಾನೆ, ಅಂದರು.

ಸಾಹೇಬರ ಮಾತು ಪೂರ್ತಿ ತಪ್ಪಲ್ಲ. ಅದೇ ಕಷ್ಟ. ಕೋಪವಾದರೂ ಮಾಡಿಕೊಳ್ಳೋಣ ಎಂದರೆ ಆಗಲಿಲ್ಲ. ಎದ್ದು ಬರುವಾಗ ಬೆನ್ನ ಹಿಂದೆ ಏನೋ ಅಂದರು. ತಿರುಗಲಿಲ್ಲ.

ಮಾರ್ಚ್ 27, ಸಂಜೆ 7

ಮೂಲೆ ಕಟ್ಟಡಕ್ಕೆ ಹೋದೆ. ಸುತ್ತಿಗೆ ತೆಗೆದುಕೊಂಡು, ಆಫೀಸಿನ ಬ್ಯಾಡ್ಜ್ ಮನೆಯಲ್ಲೇ ಬಿಟ್ಟು.

ನೇರ ಮೂರನೇ ಮಹಡಿ. ಬೂಟು ಒರೆಸಿಕೊಂಡೆ. ಪಾಠ ಮುಗಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಗಿದ ಮೇಲೆ ಅವರದ್ದು ಶುರುವಾಯಿತು. ಒಂದೊಂದು ಅಕ್ಷರವೂ ಕೇಳಿಸಿತು. ನಲವತ್ತು ಮಕ್ಕಳ ಕ್ಲಾಸಿಗೆ ಕೇಳಿಸಿದ ಗಂಟಲು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀವು ಕಿವಿ ಕೇಳದೆ ಸೂರು ಟೊಳ್ಳು ಅಂದಿರಿ! ಎರಡನೇ ಮಹಡಿಯವರು ಊರಾಚೆ ಒಂದು ಕೋಣೆಗೆ ಹೋಗಿ ಬಿದ್ದಿದಾರೆ. ಅವರ ಹುಡುಗಿಗೆ ಪಾಠಕ್ಕೆ ಬರೋಕೆ ಬಸ್ಸಲ್ಲೇ ಅರ್ಧ ದಿನ ಹೋಗುತ್ತೆ. ನಾಚಿಕೆ ಆಗಲ್ವಾ?”

“ಆಗುತ್ತಮ್ಮಾ.”

“ಆಗ್ಬೇಕು!” ಅಂದರು. ಉಸಿರು ಬಿಟ್ಟರು. “ಕೊಡಿ ಇಲ್ಲಿ ಸುತ್ತಿಗೆ.”

ಮೆಟ್ಟಿಲಿನ ಮೇಲೆ ನಿಂತು ಎಲ್ಲರನ್ನೂ ಕರೆದರು. ಇವರಿಗೆ ಕಿವಿ ಕೇಳಲ್ಲ, ನಮ್ಮನೆ ನಾವೇ ಬಡಿದು ನೋಡಬೇಕು, ಅಷ್ಟೇ ಅಂದರು. ಯಾರೂ ನಗಲಿಲ್ಲ. ಹೋದ ವರ್ಷ ಹೊಸದಾಗಿ ಹಾಕಿದ ಒಂದು ತೊಲೆ ಮೆಟ್ಟಿಲಿನ ಹತ್ತಿರ ಇದೆ. ಅದನ್ನು ಮೊದಲು ಬಡಿಯಿರಿ, ಆ ಸದ್ದು ನೆನಪಿಟ್ಟುಕೊಳ್ಳಿ, ಹಾಗೆ ಬಂದರೆ ಗಟ್ಟಿ ಎಂದೆ. ಒಬ್ಬೊಬ್ಬರೂ ಬಡಿದರು. ಮಕ್ಕಳ ಹಾಗೆ ಮತ್ತೆ ಮತ್ತೆ.

ಇವರೆಲ್ಲ ಗಟ್ಟಿ ಎಂದೇ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಯಾರು ತಮ್ಮ ಮನೆಯನ್ನು ತಾವೇ ಟೊಳ್ಳು ಅಂದಾರು? ಆದರೂ ಬರೆದುಕೊಳ್ಳೋಣ ಎಂದು ಕೂತೆ.

ಬೇಕರಿಯವನು ಬಡಿದ. “ಕಲ್ಲು ಸಾರ್ ಕಲ್ಲು!” ಎಂದ. ಗಟ್ಟಿ, ಬರೆದೆ. ಸುತ್ತಿಗೆ ವಾಪಸ್ ಕೊಟ್ಟ. ಆಮೇಲೆ ತಾನು ದಿನಾ ಕೂರುವ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ಬಾಗಿಲ ಕಡೆ ತಳ್ಳಿದ. ನಾನು ನೋಡಿದ್ದನ್ನು ಅವನು ನೋಡಲಿಲ್ಲ.

ಮೊದಲ ಮಹಡಿ. ಗಂಡ ಹೆಂಡತಿ, ಮಂಚದ ಮೇಲೆ ಏಳಲಾಗದ ಮುದುಕ ಅಪ್ಪ. ಮಗ ಬಡಿದ. ಮೂರು ಸಲ, ಒಂದೇ ಜಾಗದಲ್ಲಿ. ಹೆಂಡತಿಯ ಮುಖ ನೋಡಿದ. “ಗಟ್ಟಿ,” ಎಂದ. ಬರೆದೆ. ನಾನು ಹೊರಗೆ ಬಂದು ಬರೆಯದೆ ನಿಂತ ಪೆನ್ನನ್ನು ಕೊಡವುತ್ತಿದ್ದೆ, ಒಳಗೆ ಗಂಡ ಹೆಂಡತಿ ಮುದುಕನ ಸಮೇತ ಮಂಚ ಎಳೆಯುತ್ತಿದ್ದರು. ಕಾಲು ನೆಲಕ್ಕೆ ಉಜ್ಜುವುದು ದಪ್ಪ ಸದ್ದು, ಅದು ನನಗೆ ಚೆನ್ನಾಗಿ ಕೇಳುತ್ತದೆ.

“ಯಾಕೋ?” ಎಂದ ಮುದುಕ.

“ಗಾಳಿ ಬರುತ್ತಪ್ಪಾ ಈ ಕಡೆ.”

ಆ ಕಡೆ ಕಿಟಕಿಯೇ ಇರಲಿಲ್ಲ.

ಆಮೇಲೆ ಬರೆಯುವುದನ್ನು ಬಿಟ್ಟು ಬರೀ ನೋಡಿದೆ. ಎರಡನೇ ಮಹಡಿಯಲ್ಲಿ ಉಳಿದ ಒಂದು ಮನೆಯ ಗಂಡಸು ಬಡಿದು, ಗಟ್ಟಿ ಎಂದು, ಅದರ ಕೆಳಗೇ ತನ್ನ ಹಾಸಿಗೆಯಲ್ಲಿ ಉರುಳಿ ಟಿವಿ ಹಾಕಿಕೊಂಡ. ಅದು ನಿಜವಾಗಿ ಗಟ್ಟಿ. ಅಂಥ ಮನೆ ಅದೊಂದೇ. ಮೂರನೇ ಮಹಡಿಯಲ್ಲಿ ಟೀಚರಮ್ಮನ ಪಕ್ಕದ ಮನೆಯ ಬಾಣಂತಿಯ ತಾಯಿ ಬಾಯಲ್ಲಿ ಗಟ್ಟಿ ಗಟ್ಟಿ ಎನ್ನುತ್ತಲೇ ಒಂದು ಕೈಯಲ್ಲಿ ತೊಟ್ಟಿಲು ಎಳೆದುಕೊಂಡಳು.

ಕೊನೆಗೆ ಟೀಚರಮ್ಮ. ಮಲಗುವ ಕೋಣೆ ಮೊದಲು. ಬಡಿದರು, ಗಟ್ಟಿ ಎಂದರು, ಸುಮ್ಮನೆ ಮುಂದೆ ಬಂದರು. ಮುಂದಿನ ಕೋಣೆ. ಕರಿಹಲಗೆಯ ಹತ್ತಿರ ಬಡಿದರು. ನಡುವೆ ಬಡಿದರು. ಬೆಂಚಿನ ನೇರಕ್ಕೆ ಬಂದರು. ಅಲ್ಲಿ ಒಂದು ಸಲ. ಇನ್ನೊಂದು ಸಲ, ಮೆಲ್ಲಗೆ. ಸುತ್ತಿಗೆ ಇಳಿಸಿದರು.

“ಅಮ್ಮಾ?”

“ಗಟ್ಟಿ. ಬರ್ಕೊಳ್ಳಿ.”

ಸ್ವರ ಮಾಮೂಲಿಯದೇ. ಸುತ್ತಿಗೆಯನ್ನು ಗೋಡೆಗೆ ಒರಗಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳು ಕೂರುವ ಆ ಬೆಂಚಿನ ಒಂದು ತುದಿ ಹಿಡಿದು ಎಳೆದರು. ಅದು ಅಲುಗಲಿಲ್ಲ. ಮತ್ತೆ ಎಳೆದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಎತ್ತಿ ಬಾಗಿಲಿನಾಚೆ, ಮೆಟ್ಟಿಲಿನ ಹತ್ತಿರ ಇಟ್ಟೆವು. ಭಾರದ ಬೆಂಚು. ಟೀಚರಮ್ಮ ಅದರ ಮೇಲೆಯೇ ಕೂತು ಏದುಸಿರು ಬಿಟ್ಟರು.

“ಯಾವ ಪದ ಹಾಕ್ತೀರಿ?”

ಇದ್ದದ್ದೇ ಇರಲಿ ಎಂದೆ.

ಅರ್ಥ ಕೇಳಲಿಲ್ಲ. ನನ್ನ ಮೇಲಿನ ಕೋಪವೂ ಹೋಗಿರಲಿಲ್ಲ. “ನಾಳೆ ಮಕ್ಕಳು ಬರ್ತಾರೆ,” ಅಂದರು. “ಎಲ್ಲಿ ಕೂರ್ಸ್ಲಿ?”

ಮಾರ್ಚ್ 28, ಬೆಳಿಗ್ಗೆ 6

ನಿದ್ದೆಯಿಲ್ಲ. ಕಟ್ಟಡ ಟೊಳ್ಳು. ನಾನು ಹಾಕಿದ ಪದ ಸರಿ. ಸಂತೋಷ ಆಗಬೇಕಿತ್ತು, ರಾತ್ರಿ ಊಟದ ಹೊತ್ತಿನವರೆಗೆ ಸ್ವಲ್ಪ ಆಗಿಯೂ ಇತ್ತು. ಇವಳಿಗೆ ಹೇಳಿದೆ. “ಸದ್ಯ, ಬಚಾವಾದ್ರಿ,” ಎಂದಳು.

ಬಚಾವಾದದ್ದು ಹೇಗೆ? ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ.

ಟೀಚರಮ್ಮನಿಗೆ ನಮ್ಮ ಆಫೀಸಿನ ಹಿಂದಿನ ಮೀಟಿಂಗ್ ಹಾಲ್ ಕೇಳಬೇಕು. ಸಂಜೆ ಖಾಲಿಯೇ ಇರುತ್ತದೆ. ಸಾಹೇಬರು ಇಲ್ಲ ಎಂದರೆ ಬೆಂಚು ಅವರ ಕೋಣೆಯ ಮುಂದೆಯೇ ಹಾಕಿಸುತ್ತೇನೆ, ಹೇಗೂ ಇನ್ನು ಹೆದರುವುದಕ್ಕೆ ನನಗೇನೂ ಉಳಿದಿಲ್ಲ. ನನ್ನನ್ನು ಫೀಲ್ಡಿನಿಂದ ತೆಗೆಯಿರಿ ಎಂದು ಬರೆದುಕೊಟ್ಟಾಯಿತು, ಅಂದರೆ ಬರೆದು ಜೇಬಿನಲ್ಲಿದೆ. ಗ್ರಾಫಣ್ಣನನ್ನು ಕೂರಿಸಿಕೊಂಡು ಆ ಗೆರೆ ಏರಲು ಶುರುವಾದ ಕಡೆಯಿಂದ ನಾಲ್ಕನೇ ಪದ ಬಿದ್ದ ಮನೆಗಳನ್ನೆಲ್ಲ ತೆಗೆಸಬೇಕು. ಅವುಗಳಲ್ಲಿ ಎಷ್ಟೋ ಕೆಡವಿಯೂ ಆಗಿದೆ. ಕೆಡವಿದ್ದನ್ನು ಈಗ ಯಾರು ಬಡಿದು ನೋಡುತ್ತಾರೆ? ಇದೊಂದು ಸರಿ ಬಂತು ಎಂದ ಮಾತ್ರಕ್ಕೆ ಉಳಿದ ಮನೆಗಳವರ ಮುಂದೆ ನಾನು ಬಚಾವಾಗಲಿಲ್ಲ.